ಬದುವಿನ ಔಡಲ

ಅನಗವಾಡಿ
೨೪ ಜುಲೈ ೨೦೨೫

ಅವ್ವ,

ಜೈ ಜಿನೇಂದ್ರ. ಊರೆಲ್ಲ ಫೋನಿನಲ್ಲಿ ಮಾತಾಡುವಾಗ ನಿನ್ನ ಮಗಳು ಅಂಚೆ ಡಬ್ಬಿ ಹುಡುಕಿಕೊಂಡು ಬೀಳಗಿಯವರೆಗೆ ಹೋಗುವ ಹಾಗೆ ಮಾಡಿದೆಯಲ್ಲ! ಚಾತುರ್ಮಾಸಕ್ಕೆ ಒಬ್ಬರು ಬೆಲ್ಲ ಬಿಡುತ್ತಾರೆ, ಇನ್ನೊಬ್ಬರು ಹಾಲು ಬಿಡುತ್ತಾರೆ. ನೀನು ಫೋನ್ ಬಿಟ್ಟೆ. ದೀಪಾವಳಿಯ ತನಕ ಅದು ಟ್ರಂಕಿನಲ್ಲಿ ಸೀರೆಗಳ ಕೆಳಗೆ ಮಲಗಿರಬೇಕಂತೆ. ಅಪ್ಪನಾದರೂ ಮನೆಯಲ್ಲಿದ್ದಿದ್ದರೆ ಅವನಿಗೆ ಫೋನ್ ಮಾಡಿ ನಿನ್ನ ಸುದ್ದಿ ಕೇಳುತ್ತಿದ್ದೆ. ಅವನೂ ಮುನಿಗಳ ಸೇವೆಗೆಂದು ಕುಂಭೋಜಕ್ಕೆ ಹೋಗಿ ಕೂತಿದ್ದಾನೆ.

ಬೆಳೆಗೆ ಬೀಳುವ ಹುಳು ಎಣಿಸಿ ರೈತರನ್ನು ಎಚ್ಚರಿಸುವ ಈ ಹೊಸ ಕೆಲಸ ಕೈಗೆ ಹತ್ತುತ್ತಿದೆ. ಬೆಳಿಗ್ಗೆ ಹೊಲದೊಳಗೆ ಅಡ್ಡಾದಿಡ್ಡಿ ನಡೆಯಬೇಕು, ಅಲ್ಲಲ್ಲಿ ನಿಂತು ಎಲೆ ಮಗುಚಿ ಹುಳು ಎಷ್ಟಿವೆ ನೋಡಬೇಕು. ಬದುವಿನ ಕಸವನ್ನು ಇನ್ನೂ ಹೆಚ್ಚು ನೋಡಬೇಕು, ಯಾಕೆಂದರೆ ಹುಳು ಮೊದಲು ಸಂಸಾರ ಹೂಡುವುದು ಅಲ್ಲಿಯೇ. ಸಂಜೆ ದೀಪದ ಬಲೆ ಹಚ್ಚಿ ಯಾವ ಪತಂಗ ಬಿತ್ತೆಂದು ಗುರುತಿಸಬೇಕು. ವಾರಕ್ಕೊಮ್ಮೆ ನನ್ನ ದನಿಯಲ್ಲಿಯೇ ಸಂದೇಶ ಮಾಡಿ ರೈತರ ವಾಟ್ಸಾಪಿಗೆ ಬಿಡುತ್ತೇವೆ. ಬೀಳಗಿ, ಮುಧೋಳ, ಜಮಖಂಡಿ, ರಬಕವಿ-ಬನಹಟ್ಟಿ, ಎಲ್ಲ ಕಡೆಗೂ ಹೋಗುತ್ತದೆ. ನಮ್ಮ ತೇರದಾಳದಲ್ಲೂ ಎಲ್ಲರ ಫೋನಿನಲ್ಲಿ ನಿನ್ನ ಮಗಳು ಮಾತಾಡುತ್ತಾಳೆ. ಕೇಳದವಳು ನೀನೊಬ್ಬಳೇ.

ಊಟ ಸರಿಯಾಗಿ ಮಾಡು.

ನಿನ್ನ,
ಕ್ಷಮಾ

*

ತೇರದಾಳ, ತೋಟದ ಮನಿ
೪ ಆಗಸ್ಟ್

ಕ್ಷಮಾ,

ನಿನ್ನ ಪತ್ರ ಮುಟ್ಟಿತು. ನಾ ಮಾತಾಡಿದಂಗ ಬರಿತೇನಿ, ತಪ್ಪ ಹುಡುಕಬ್ಯಾಡ.

ಅಲ್ಲಬೇ, ದೀಪಕ್ಕ ಹುಳ ಬಿದ್ದು ಸಾಯಬಾರದಂತ ಹೊತ್ತ ಮುಳಗೂದ್ರೊಳಗ ಉಂಡು ಕೈ ತೊಳಿಯೂ ಮನಿತನ ನಮ್ಮದು. ಆ ಮನ್ಯಾಗ ಹುಟ್ಟಿ ನೀ ದೀಪಾ ಹಚ್ಚಿ ಹುಳ ಕರಿಯಾಕತ್ತಿ! ನಿಮ್ಮಪ್ಪ ಕೇಳಿದ್ರ ಕುಂಭೋಜದಾಗ ಇನ್ನೊಂದ ಉಪವಾಸ ಕೂಡಸತಾರ. ಹೋಗಲಿ, ಪಗಾರದ ಕೆಲಸ, ಏನ್ ಮಾಡೂದು.

ನಮ್ಮ ಶೇಂಗಾಕ್ಕೂ ಕಂಬಳಿ ಹುಳ ಬಂದಾವ. ನಾ ಹುಳಾ ಸಾಯೂ ವಿಷದ ಎಣ್ಣಿ ಹೊಡಸಾಕಿ ಅಲ್ಲ. ಮುಂಜಾನೆ ಪೂಜಿ ಮುಗಿಸಿ ಬುಟ್ಟಿ ತಗೊಂಡು ಹೋಗಿ ಎಲಿ ಸಮೇತ ಆರಿಸಿ ತರತೇನಿ. ಎಲ್ಲೆ ಬಿಡತಿ ಅಂತ ಕೇಳಬ್ಯಾಡ, ಅವಕ್ಕೂ ಒಂದ ಜಾಗಾ ಮಾಡೇನಿ. ಬಾಜೂ ಹೊಲದ ಭೀಮಪ್ಪನ ಹೇಂತಿ ತಾಯವ್ವ ಬಂದು ಕೈ ಕೂಡಸತಾಳ. ಗಂಡಗ ಹೇಳಿಲ್ಲ. ಅವನ ಸಿಟ್ಟ ನಿನಗ ಗೊತ್ತೈತೆಲ್ಲ, "ಮಂದಿ ಹೊಲದಾಗ ಹುಳಾ ಸಾಕಾಕ ಹೋಗಿಯೇನ?" ಅಂತ ಮನಿ ತಲಿ ಮ್ಯಾಲ ಮಾಡತಾನ. ಅಕಿ ಹುಳ ಆರಿಸಕೋತ ಹಾಡ ಹಾಡತಾಳ. ನನಗ ಜೋಡಿ ಆಗೇತಿ.

ಬರಿಗಾಲಿಲೆ ಹೊಲದಾಗ ತಿರಗಬ್ಯಾಡ, ಹೊಳಿ ದಂಡಿ ಊರು, ಹಾವ ಇರತಾವ.

ಇತಿ ನಿಮ್ಮವ್ವ,
ಪದ್ಮವ್ವ

*

ಅನಗವಾಡಿ
೧೪ ಆಗಸ್ಟ್

ಅವ್ವ,

ನನಗೆ ಹೆದರಿಕೆಯಾಗುತ್ತಿದೆ. ಯಾರಿಗೂ ಹೇಳಿಲ್ಲ, ನಿನಗೆ ಬರೆಯುತ್ತಿದ್ದೇನೆ.

ಈ ವಾರ ದೀಪದ ಬಲೆಯ ಡಬ್ಬಿ ತುಂಬಿ ಚೆಲ್ಲಿತು. ಹೊಳೆ ದಂಡೆಯ ಶೇಂಗಾ ಹೊಲವೊಂದಕ್ಕೆ ಹೋದರೆ ಎಲೆಯಲ್ಲಿ ನರವಷ್ಟೇ ಉಳಿದಿತ್ತು. ಸುಮ್ಮನೆ ನಿಂತು ಕಿವಿಗೊಟ್ಟೆ. ಹುಳುಗಳು ಮೇಯುವ ಚರಚರ ಸದ್ದು ಕೇಳಿಸಿತು ಅವ್ವ. ಬದುವಿನ ಕಸವೆಲ್ಲ ಅವುಗಳಿಂದ ಕಪ್ಪಾಗಿತ್ತು. ಅಲ್ಲಿ ತಿನ್ನುವುದು ಮುಗಿದ ಮೇಲೆ ದಂಡು ಕಟ್ಟಿಕೊಂಡು ಪಕ್ಕದ ಹೊಲಕ್ಕೆ ಇಳಿಯುತ್ತವೆ.

ಅದಕ್ಕಿಂತ ಹೆಚ್ಚಿನ ಹೆದರಿಕೆ ಬೇರೆ ಇದೆ. ಅದೇ ಹೊಲದಲ್ಲಿ ರೇವಪ್ಪ ಎಂಬವನು ಎಣ್ಣೆ ಹೊಡೆಯುತ್ತಿದ್ದ. ಪಂಪಿನ ಮೂತಿ ಕಟ್ಟಿಕೊಂಡಿತೆಂದು ಬಾಯಿಯಿಂದ ಊದಿದ. ಮೈಮೇಲೆಲ್ಲ ಚೆಲ್ಲಿಕೊಂಡಿದ್ದ. ನೋಡನೋಡುತ್ತ ಬೆವರು ಕಿತ್ತಿತು, ಬಾಯಿಂದ ಜೊಲ್ಲು ಸುರಿಯಿತು, ಕಾಲು ನಡುಗಿ ಅಲ್ಲೇ ಕೂತುಬಿಟ್ಟ. ನಾವೇ ಗಾಡಿಯಲ್ಲಿ ಹಾಕಿಕೊಂಡು ದವಾಖಾನೆಗೆ ಹೋದೆವು. ಜೀವ ಉಳಿಯಿತು. "ಬಾಯಾಗನ ಹೋಗಬೇಕಂತಿಲ್ರೀ, ತೊಗಲಿನ್ಯಾಗಿಂದನೂ ಒಳಗ ಇಳಿತೈತಿ" ಎಂದರು ಡಾಕ್ಟರು. ಅವನ ಹೆಂಡತಿ ಅತ್ತದ್ದು ಇನ್ನೂ ಕಿವಿಯಲ್ಲಿದೆ.

ನೀನು ಎಣ್ಣೆ ಮುಟ್ಟುವವಳಲ್ಲ ಎಂಬುದೇ ನನಗೆ ಧೈರ್ಯ. ಹುಳು ಆರಿಸುವಾಗ ಕೈಗೆ ಅರಿವೆ ಸುತ್ತಿಕೋ. ಎಲ್ಲಿ ಬಿಡುತ್ತೀ ಎಂದು ಕೇಳಬೇಡ ಅಂದಿದ್ದೀ, ಆದರೂ ಕೇಳುತ್ತಿದ್ದೇನೆ. ಎಲ್ಲಿ ಬಿಡುತ್ತೀ?

ಉತ್ತರ ಕಾಯುವ,
ಕ್ಷಮಾ

*

ತೇರದಾಳ
೨೪ ಆಗಸ್ಟ್

ಕ್ಷಮಾ,

ಬೆನ್ನ ಹತ್ತಿದ್ರ ಬಿಡಾಕಿ ಅಲ್ಲ ನೀ. ಕೇಳು. ನಮ್ಮ ಹೊಲಕ್ಕೂ ಭೀಮಪ್ಪನ ಹೊಲಕ್ಕೂ ನಡುವ ಬದು ಐತೆಲ್ಲ, ಅಲ್ಲೆ ಔಡಲ ಗಿಡಾ ದಟ್ಟ ಬೆಳದಾವ, ಕೆಳಗ ಕಸಾ ಸೊಂಟದಮಟ ಐತಿ. ಅದರಾಗ ಬಿಡತೇನಿ. ಔಡಲ ಎಲಿ ಅಂದ್ರ ಹುಳಕ್ಕ ಹೋಳಗಿ ಇದ್ದಂಗ. ದಿನಾ ಮುಂಜಾನೆ ಆ ಕಸದಾಗ ಕುಂತು ಒಂದೊಂದ ಎಲಿ ಕೈಲೇ ಎತ್ತಿ ಇಡತೇನಿ. ಒಗದ್ರ ಅವಕ್ಕ ಪೆಟ್ಟ ಆಗತೈತಿ.

ಮೊನ್ನೆ ಭೀಮಪ್ಪ ನೋಡಿದ. ತಾಯವ್ವ ಪುಣ್ಯಾಕ ಅವತ್ತ ಇರಲಿಲ್ಲ. "ಏನ್ರೀ ಪದ್ಮಕ್ಕ, ನಿಮ್ಮ ಧರ್ಮ ನೀವ ಮಾಡ್ರಿ, ನಿಮ್ಮ ಹುಳಾ ನನ್ನ ಹೊಲಕ್ಕ ಯಾಕ ಅಟ್ಟತೀರಿ? ಇದಕ್ಕೊಂದ ಗತಿ ಕಾಣಸತೇನಿ" ಅಂತ ಕೂಗ್ಯಾಡಿದ. ನಾ ಉಳದ ಎಲಿ ಇಟ್ಟು ಮನಿಗೆ ಬಂದೆ. ಬೈದ ಬಾಯಿ ಬ್ಯಾಸತ್ತು ಸುಮ್ಮಾಗತೈತಿ.

ಬರೂ ಇಪ್ಪತ್ತೆಂಟಕ್ಕ ದಶಲಕ್ಷಣ ಪರ್ವ ಕೂಡತೈತಿ, ಹತ್ತ ದಿನಾ. ಒಪ್ಪತ್ತ ಊಟಾ. ನೀನೂ ಹಸರ ಪಲ್ಲೆ ಬಿಡು, ಆ ಕೆಲಸದಾಗ ಅಷ್ಟರೆ ಪುಣ್ಯಾ ಬರಲಿ.

ನಿಮ್ಮವ್ವ

*

ಅನಗವಾಡಿ
೩೦ ಆಗಸ್ಟ್

ಅವ್ವ,

ನಿನ್ನ ಪತ್ರ ಇವತ್ತು ಕೈಗೆ ಬಂತು. ಓದಿದ ಕೂಡಲೇ ಫೋನ್ ಹಿಡಿದೆ.

ಇಪ್ಪತ್ತಾರಕ್ಕೆ ನಾನೊಂದು ಸಂದೇಶ ಕಳಿಸಿದ್ದೇನೆ. ಕಂಬಳಿ ಹುಳು ಬದುವಿನ ಕಸದಲ್ಲಿ ಗುಂಪಾಗಿ ಕೂತಿದೆ, ಬೆಳೆಗೆ ಹೊಡೆಯುವಾಗ ಬದುವನ್ನು ಬಿಡಬೇಡಿ, ಔಡಲದ ಬುಡದ ತನಕ ಎಣ್ಣೆ ಹೊಡೆಯಿರಿ ಎಂದು ನಾನೇ ಬಿಡಿಸಿ ಬಿಡಿಸಿ ಹೇಳಿದ್ದೇನೆ. ಇಲ್ಲಿಯ ತನಕ ಯಾರೂ ಬದುವಿಗೆ ಎಣ್ಣೆ ಹೊಡೆದವರಲ್ಲ. ಈಗ ಹೊಡೆಯುತ್ತಾರೆ. ಭೀಮಪ್ಪನ ಫೋನಿಗೂ ಅದು ಹೋಗಿದೆ. ನಿನಗೊಬ್ಬಳಿಗೆ ಹೋಗಿಲ್ಲ. ಆ ಬದುವಿನಲ್ಲಿ ಬರಿಗೈಯಲ್ಲಿ ಕೂರುವವಳು ನೀನೊಬ್ಬಳೇ!

ಭೀಮಪ್ಪನಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ಮತ್ತೆ ಮತ್ತೆ ಮಾಡಿದೆ. ಕೊನೆಗೆ ಬಸದಿಯ ಪುರೋಹಿತರು, ಉಪಾಧ್ಯೆ ಕಾಕಾ ಸಿಕ್ಕರು. "ನಿಮ್ಮವ್ವ ಇಲ್ಲೇ ಪೂಜಿಗೆ ಕುಂತಾಳವಾ. ಪರ್ವ ಮುಗಿಯೂತನಕ ಹೊಲಕ್ಕ ಹೋಗೂದಿಲ್ಲಂತ" ಎಂದರು. ನಾನು ಫೋನ್ ಹಿಡಿದುಕೊಂಡೇ ಅತ್ತುಬಿಟ್ಟೆ. ಎಣ್ಣೆಯ ಸುದ್ದಿ ಅವರಿಗೆ ಹೇಳಲಿಲ್ಲ. ಉಪವಾಸದಲ್ಲಿರುವವಳು ಹೆದರಿ ತಲೆಸುತ್ತಿ ಬಿದ್ದರೆ ಎಂದು, "ಬದುವಿನ ಕಡೆ ಹೋಗಬ್ಯಾಡ ಅಂದಾಳ ಅಂತ ಅಷ್ಟ ಹೇಳ್ರಿ ಕಾಕಾ" ಎಂದೆ.

ಪರ್ವ ಮುಗಿದ ಮೇಲೂ ಹೋಗಬೇಡ. ಇನ್ನೊಂದು ಮಾತು, ಬೇಜಾರಾದರೂ ಕೇಳು. ನೀನು ಹುಳು ಕೊಲ್ಲುತ್ತಿಲ್ಲ, ಖರೆ. ಆದರೆ ಕೊಲ್ಲುವ ಕೆಲಸವನ್ನು ಬದು ದಾಟಿಸಿ ಭೀಮಪ್ಪನ ಕೈಗೆ ಕೊಡುತ್ತಿದ್ದೀ.

ನೀನು ಬಸದಿಯಲ್ಲಿದ್ದೀ ಎಂದು ಉಸಿರು ಬಿಟ್ಟ,
ಕ್ಷಮಾ

*

ತೇರದಾಳ
೧ ಸೆಪ್ಟೆಂಬರ್

ಕ್ಷಮಾ,

ಉಪಾಧ್ಯೆ ಕಾಕಾ ನೀ ಹೇಳಿದ್ದು ಹೇಳಿದ್ರು. ಬದುವಿನ ಕಡೆ ಹೋಗಬ್ಯಾಡ ಅಂದಿಯಂತ. ಯಾಕಂತ ಕೇಳಿದ್ರ ಅವರಿಗೂ ಗೊತ್ತಿಲ್ಲ. ಹಾವಿನ ಅಂಜಿಕಿ ಇರಬೇಕ ನಿನಗ. ನಾ ಎಲ್ಲೆ ಹೋಗಲಿ ಮಾರಾಯ್ತಿ, ಬಸದಿ ಮನಿ, ಮನಿ ಬಸದಿ ಆಗೇತಿ. ನಿನ್ನ ಪತ್ರ ಇನ್ನೂ ಬಂದಿಲ್ಲ.

ಹುಳದ ಚಿಂತಿ ಮಾಡಬ್ಯಾಡ. ತಾಯವ್ವ ಒಬ್ಬಾಕೆ ನೋಡಕೋತಾಳ. "ನಿಮ್ಮ ಪರ್ವ ಮುಗಿಯೂತನಕ ಬುಟ್ಟಿ ನನ್ನ ಕೈಯಾಗ ಕೊಡ್ರಿ ಅಕ್ಕಾ, ನನಗೂ ಒಂದೀಟ ಪುಣ್ಯಾ ಬರಲಿ" ಅಂತ ಇಸಕೊಂಡು ಹೋದ್ಲು. ಭೀಮಪ್ಪ ಎದ್ದು ಡೇರಿಗೆ ಹಾಲ ಹಾಕಾಕ ಹ್ವಾದ ಕೂಡಲೇ ಬದುವಿಗೆ ಬರತಾಳ. ನಾ ಹೇಳಿಕೊಟ್ಟಂಗ ಒಂದೊಂದ ಎಲಿ ಕೈಲೇ ಇಡತಾಳ.

ಒಂದ ಮಜಾ ಕೇಳು. ಔಡಲದಾಗ ಬಿಟ್ಟ ಹುಳ ಈಗ ಒಂದೂ ಕಾಣವಲ್ವಂತ. ಎಲ್ಲಾ ಎಲ್ಲೆ ಹ್ವಾದುವೋ ಅಂತ ತಾಯವ್ವ ಬೆರಗಾಗ್ಯಾಳ. ಪರ್ವದ ಪುಣ್ಯಾ ಅಂದೆ ನಾ. ಇವತ್ತ ಪಾಪ ಅಕಿಗೆ ತಲಿ ನೋಯಾಕತ್ತೈತಿ, ಕಣ್ಣಾಗ ನೀರ ಸೋರತೈತಿ, ಬಾಯಾಗ ನೀರ ಬರತೈತಿ ಅಂದ್ಲು. ಪಿತ್ತ ಇರಬೇಕು. ಶುಂಠಿ ಕಷಾಯ ಮಾಡಿ ಕೊಟ್ಟೇನಿ.

ನಿಮ್ಮವ್ವ

*

ಬೀಳಗಿ–ಜಮಖಂಡಿ ಬಸ್ಸಿನಲ್ಲಿ
೪ ಸೆಪ್ಟೆಂಬರ್

ಅವ್ವ,

ಇದನ್ನು ನಿನ್ನ ಕೈಗೇ ಕೊಡುತ್ತೇನೋ, ಹರಿದು ಹಾಕುತ್ತೇನೋ. ಸುಮ್ಮನೆ ಕೂರಲಾಗದೆ ಬರೆಯುತ್ತಿದ್ದೇನೆ. 

ಒಂದನೇ ತಾರೀಖಿನ ನಿನ್ನ ಪತ್ರವನ್ನು ಇವತ್ತು ಬೆಳಿಗ್ಗೆ ಒಡೆದೆ. ಹುಳು ಎಲ್ಲಿ ಹೋದವು ಎಂದು ನನಗೆ ಗೊತ್ತು. ಸತ್ತು ಕಸದ ಬುಡಕ್ಕೆ ಬಿದ್ದಿವೆ. ಅವು ಸತ್ತ ಎಲೆಗಳನ್ನೇ ತಾಯವ್ವ ಮುಂಜಾನೆ ಇಬ್ಬನಿಯಲ್ಲಿ ಬರಿಗೈಯಲ್ಲಿ ಎತ್ತುತ್ತಿದ್ದಾಳೆ. ಅದು ಪಿತ್ತವಲ್ಲ ಅವ್ವ! ರೇವಪ್ಪನಿಗೂ ಮೊದಲು ಬಾಯಲ್ಲಿಯೇ ನೀರು ಬಂದದ್ದು.

ಉಪಾಧ್ಯೆ ಕಾಕಾ ಫೋನ್ ಎತ್ತಲಿಲ್ಲ. ಭೀಮಪ್ಪನ ಫೋನ್ ಯಾರೋ ಎತ್ತಿದರು. ಹೆಂಗಸೊಬ್ಬಳು ಅಳುತ್ತಿದ್ದಳು, ಹಿಂದೆ ಗದ್ದಲ. "ಜಮಖಂಡಿಗೆ ಒಯ್ದಾರ" ಎಂದದ್ದಷ್ಟೇ ಕೇಳಿಸಿತು, ಕಟ್ಟಾಯಿತು. ಯಾರನ್ನು ಒಯ್ದರು? ತಾಯವ್ವನನ್ನೋ, ನಿನ್ನನ್ನೋ? ನೀನೂ ಹೋಗಿ ಮುಟ್ಟಿದೆಯಾ?

ನಾನು ಪೂರ್ತಿ ಮಾತು ಹೇಳಬೇಕಿತ್ತು. ಕಾಕಾನಿಗೆ "ಎಣ್ಣಿ" ಎಂದೊಂದು ಮಾತು ಹೇಳಬೇಕಿತ್ತು. ನೀನು ಹೆದರುತ್ತೀ ಎಂದು ನುಂಗಿದೆ. ಪಕ್ಕದ ಸೀಟಿನ ಅಜ್ಜಿ, "ಯಾಕವಾ, ಯಾರಿಗೇನಾತು?" ಎಂದು ಕೇಳುತ್ತಿದ್ದಾಳೆ.  ಬಸ್ಸು ಊರೂರಿಗೆ ನಿಲ್ಲುತ್ತಿದೆ.

ಜಿನೇಶ್ವರಾ, ಯಾರೂ ಸಾಯದಿರಲಿ.

*

ತೇರದಾಳ
೯ ಸೆಪ್ಟೆಂಬರ್

ಕ್ಷಮಾ,

ನೀ ಬಂದಿದ್ದಿ. ನಾ ನೋಡಿದೆ. ದವಾಖಾನಿ ಖೋಲಿ ಬಾಗಲದಾಗ ನಿಂತು, ತಾಯವ್ವನ ಮೂಗಿಗೆ ನಳಗಿ ಹಾಕಿದ್ದು ನೋಡಿ, ಹೊಳ್ಳಿ ಹೋದಿ. ನಾ ಕರಿಲಿಲ್ಲ. ಯಾಕ ಕರಿಲಿಲ್ಲ ಅಂತ ನನಗೂ ತಿಳಿವಲ್ದು.

ಅಕಿ ಉಳದಾಳ. ಮೊದಲ ಅದನ್ನ ಓದಕೋ.

ಅವತ್ತ ಮುಂಜಾನೆ ಬುಟ್ಟಿ ಕೊಡಾಕ ಬಂದಾಕಿ ನಮ್ಮ ಅಂಗಳದಾಗ ಬಿದ್ಲು. ಮೈ ತುಂಬ ಬೆವರು, ಕಣ್ಣಿನ ಪಾಪಿ ಸಾಸಿವಿ ಕಾಳಿನಷ್ಟ ಸಣ್ಣ ಆಗಿತ್ತು, ಉಸಲಿಗೆ ಒದ್ದಾಡಾಕತ್ತಿದ್ಲು. ಒದರಿದೆ, ಸುತ್ತ ಯಾರೂ ಇಲ್ಲ. ಟ್ರಂಕ್ ತಗದು ಸೀರಿ ಎಲ್ಲಾ ಕಿತ್ತ ಒಗದು, ಬಂದ್ ಮಾಡಿ ಇಟ್ಟಿದ್ದ ಫೋನ್ ಚಾಲೂ ಮಾಡಿ ೧೦೮ಕ್ಕ ಹಚ್ಚಿದೆ. ನೇಮಾ ಮುರದೆ. ಗಾಡಿ ಬರೂತನಕ ಅಕಿ ತಲಿ ತೊಡಿ ಮ್ಯಾಲ ಇಟಗೊಂಡು ಕುಂತಿದ್ದೆ. ನನ್ನ ಜೀವಮಾನದಾಗ ಅಷ್ಟ ಅಂಜಿಲ್ಲ ನಾ.

ಭೀಮಪ್ಪ ಬದುವಿಗೆ ಎರಡ ಸಲ ಎಣ್ಣಿ ಹೊಡದಾನ, ಎರಡನೇ ಸಲ ಎರಡ ಬಾಟ್ಲಿ ಕೂಡಿಸಿ. ಅವ ಅಕಿಗೆ ಹೇಳಿಲ್ಲ, ಅಕಿ ಅವಗ ಹೇಳಿಲ್ಲ. ವಾಸನಿ ಬಂದಿತ್ತಂತ ಅಕಿಗೆ. ಹೊಲಕ್ಕ ಹೊಡದಾನ ಅಂತ ತಿಳದ್ಲು, ಬದುವಿಗೂ ಹೊಡೀತಾರಂತ ಯಾರಿಗೆ ಗೊತ್ತು? ದವಾಖಾನ್ಯಾಗ ಡಾಕ್ಟರ್ ಬೈದ ಕೂಡಲೇ, "ನಾ ನನ್ನ ತಲಿಲೆ ಹೊಡದಿಲ್ರೀ ಸಾಹೇಬ್ರ, ಕೇಳ್ರಿ ಬೇಕಾರ" ಅಂತ ಫೋನ್ ಒತ್ತಿದ. ನಿನ್ನ ದನಿ ಬಂತು. ಚಾತುರ್ಮಾಸ ಕೂಡಿದಾಗಿಂದ ನಾ ನಿನ್ನ ದನಿ ಕೇಳಿರಲಿಲ್ಲ. ಎಷ್ಟ ಛಂದ ಹೇಳೀಯಬೇ. ಬದು ಬಿಡಬ್ಯಾಡ್ರಿ ಅಂತ. ಭೀಮಪ್ಪ ನನ್ನ ಮಾರಿ ನೋಡಿದ. ನಾ ಗ್ವಾಡಿ ನೋಡಿದೆ.

ನಿನ್ನ ಮೂವತ್ತರ ಪತ್ರ ಮನಿಗೆ ಬಂದ ಮ್ಯಾಲ ಓದಿದೆ. ನೀ ಹೇಳಿದ್ದು ಖರೆ. ಕೊಲ್ಲೂ ಕೆಲಸ ಬದು ದಾಟಿಸಿದೆ ನಾ. ನೇಮದ ಬುಟ್ಟಿನೂ ಇನ್ನೊಬ್ಬರ ಕೈಯಾಗ ಕೊಟ್ಟೆ. ಆದ್ರ ನಿನ್ನ ಮ್ಯಾಲೂ ನನಗ ಸಿಟ್ಟ ಐತಿ. ನಿಮ್ಮವ್ವ ಅಂಜತಾಳಂತ ಅರ್ಧಾ ಮಾತ ಹೇಳಿ ಕಳಿಸಿದಿ. ಅಂಜಿದ್ರ ಛಲೋ ಆಗತಿತ್ತು. ಅಂಜಿ ಓಡಿ ಹೋಗಿ ಬುಟ್ಟಿ ಕಸಗೋತಿದ್ದೆ.

ನಿನ್ನೆ ಕ್ಷಮಾವಾಣಿ. ಬಸದ್ಯಾಗ ಎಲ್ಲಾರೂ ಒಬ್ಬರಿಗೊಬ್ಬರು ಕೈ ಮುಗದು ಕ್ಷಮಾ ಕೇಳಿದ್ರು. ನಾ ಜಮಖಂಡಿ ಬಸ್ ಹತ್ತಿ ತಾಯವ್ವನ ಕಡೆ ಹೋದೆ. ಹಾಸಿಗಿ ಮುಂದ ಕೈ ಮುಗದು ನಿಂತೆ. ಅಕಿಗೆ ಇನ್ನೂ ಮಾತ ಸರಿ ಬರವಲ್ದು. ಭೀಮಪ್ಪ ಎದ್ದು ಹೊರಗ ಹ್ವಾದ.

ಈ ಹಬ್ಬದ ಹೆಸರ ನಿನಗ ಇಟ್ಟೇವಿ ನಾವು. ಪತ್ರದಾಗ ಕೇಳಿದ್ರ ನಡಿಯೂದಿಲ್ಲ. ಬಾ.

ಅವ್ವ

*

ಅನಗವಾಡಿ
೧೫ ಸೆಪ್ಟೆಂಬರ್

ಅವ್ವ,

ನೀನು ನೋಡಿದ್ದೀ ಎಂದು ಗೊತ್ತಿರಲಿಲ್ಲ. ಬಾಗಿಲಲ್ಲಿ ನಿಂತಾಗ ನೀನು ಬದುಕಿರುವುದನ್ನು ಕಂಡು ಮೊದಲು ಸಂತೋಷವೇ ಆಯಿತು. ಆಮೇಲೆ ಹಾಸಿಗೆಯ ಮೇಲೆ ಮಲಗಿದವಳನ್ನು ಕಂಡೆ. ನನ್ನವ್ವ ಅಲ್ಲವಲ್ಲ ಎಂದು ಸಂತೋಷಪಟ್ಟ ಬಾಯಿಯಿಂದ ಅವಳೆದುರು ಏನು ಕೇಳಲಿ? ನಾಚಿಕೆಯಾಗಿ ಓಡಿಬಂದೆ.

ಹುಳುವನ್ನು ಕಸದಲ್ಲೂ ಹುಡುಕಬೇಕೆಂದು ಕಲಿತಿದ್ದೆ. ಆ ಕಸದಲ್ಲಿ ಮನುಷ್ಯರೂ ಕೂತಿರುತ್ತಾರೆ ಎಂದು ನೋಡಲಿಲ್ಲ. ಹುಲ್ಲು ಕೊಯ್ಯುವವರು, ಆಡು ಮೇಯಿಸುವವರು, ಪಲ್ಲೆ ಕೀಳುವವರು, ನನ್ನವ್ವನಂಥವರು. ನಿನ್ನೆ ಹೊಸ ಸಂದೇಶ ಮಾಡಿ ಎಲ್ಲ ಕಡೆಗೂ ಕಳಿಸಿದ್ದೇನೆ. ಎಣ್ಣೆ ಹೊಡೆಯುವ ಮೊದಲು ಮನೆಯವರಿಗೆ ಹೇಳಿ, ಬಾಜೂ ಹೊಲದವರಿಗೆ ಹೇಳಿ, ಬದುವಿನ ಮೇಲೆ ನಿಂತು ಕೂಗಿ ಕರೆಯಿರಿ, ಹೊಡೆದ ಬದುವಿಗೆ ಕೆಂಪು ಅರಿವೆ ಕಟ್ಟಿ ಎಂದು. ಹೇಳುವಾಗ ದನಿ ಒಡೆಯಿತು. ಹಾಗೆಯೇ ಕಳಿಸಿದೆ.

ಭಾನುವಾರ ಬರುತ್ತೇನೆ. ಭೀಮಪ್ಪ ಬಾಗಿಲಿನಿಂದಲೇ ಅಟ್ಟಬಹುದು. ಬಹಳ ಹೆದರಿಕೆ ಇದೆ ಅವ್ವ. ಹೆದರಿಕೊಂಡೇ ಬರುತ್ತೇನೆ.

ನೀವು ಆ ಹೆಸರಿಟ್ಟ ಮಗಳು,
ಕ್ಷಮಾ

*

ತೇರದಾಳ
೨ ನವೆಂಬರ್

ಕ್ಷಮಾ,

ದೀಪಾವಳಿ ಆತು, ನೇಮಾ ಮುಗದು ಫೋನ್ ಹೊರಗ ಬಂದೈತಿ. ಆದ್ರ ಇದನ್ನ ಫೋನಿನ್ಯಾಗ ಹೇಳಾಕ ಹ್ವಾದ್ರ ನೀ ಅಳತಿ, ನಾ ಅಳತೇನಿ, ಹೇಳೂದು ಉಳದಬಿಡತೈತಿ. ಅದಕ್ಕ ಬರದೇನಿ.

ನೀ ಅವತ್ತ ಬಂದು ತಾಯವ್ವನ ಕಾಲಿನ ಕಡೆ ಕುಂತಾಗ ಭೀಮಪ್ಪ ಎದ್ದು ಕಿಡಕಿ ಕಡೆ ಹ್ವಾದ. ಚಾ ತರಿಸಿದ, ನಿನ್ನ ಕಡೆ ನೋಡಲಿಲ್ಲ. ಅದನ್ನ ಮನಸಿಗೆ ಹಚಗೊಂಡು ಹೋಗೀದಿ ನೀ, ನನಗ ಗೊತ್ತೈತಿ.

ತಾಯವ್ವ ಈಗ ಹೊಲಕ್ಕ ಹೋಗಂಗಿಲ್ಲ. ಕೈ ಇನ್ನೂ ನಡಗತಾವ, ಬುಟ್ಟಿ ಹಿಡಿಯಾಕ ಆಗೂದಿಲ್ಲ. ಮುಂಜಾನೆ ನಮ್ಮ ಕಟ್ಟಿ ಮ್ಯಾಲ ಬಂದು ಕುಂದರತಾಳ. ನಾ ಹುಳ ಆರಿಸೂದು ಬಿಟ್ಟಿಲ್ಲ. ಅವನ್ನ ಬಿಡಾಕ ನಮ್ಮ ಹೊಲದಾಗ ಒಂದ ಮೂಲಿ ಬಿಟ್ಟೇನಿ. ತಿನ್ನೂದಿದ್ರ ನಮ್ಮದ ತಿನ್ನಲಿ.

ನಿನ್ನೆ ಭೀಮಪ್ಪ ಅರಿಷಿಣಕ್ಕ ಎಣ್ಣಿ ಹೊಡಿಯಾಕ ಪಂಪ್ ಹೊತಗೊಂಡು ಬಂದ. ಮೊದಲ ಬದುವಿನ ಮ್ಯಾಲ ಕೆಂಪ ಅರಿವಿ ಕಟ್ಟಿದ. ಆಮ್ಯಾಲ ಆ ಔಡಲದ ಹತ್ತರ ನಿಂತು, ಮಾರಿ ನಮ್ಮ ಮನಿ ಕಡೆ ಮಾಡಿ, "ಯಾರರೆ ಅದೀರೇನ್ರೀ?" ಅಂತ ಕೂಗಿದ. ಅಲ್ಲೆ ಯಾರೂ ಇರಲಿಲ್ಲ, ಅವಗೂ ಕಾಣತಿತ್ತು. ಆದ್ರೂ ಕೂಗಿದ. ಸುಮ್ಮನ ನಿಂತ, ಹೊಡಿಯವಲ್ಲ. ಮತ್ತೊಮ್ಮೆ ಕೂಗಿದ.

ತಾಯವ್ವ ಕಟ್ಟಿ ಮ್ಯಾಲಿಂದ, ಇದ್ದ ಬಿದ್ದ ಶಕ್ತಿ ಹಾಕಿ, "ನಾ ಇಲ್ಲೇ ಅದೇನ್ರೀ, ಹೊಡೀರಿ!" ಅಂದ್ಲು.

ಆವಾಗ ಪಂಪ್ ಚಾಲೂ ಮಾಡಿದ.

ನಿಮ್ಮವ್ವ,
ಪದ್ಮವ್ವ